ಮೋಡದ ದಿನದ ಬಿಸಿಲ್ಗುದುರೆ

ಜಗಲಿಯ ಮೂರನೆಯ ಕಂಬ ಸೊಟ್ಟಗಿದೆ ಎಂದು ಅಲೀಡಾಳಿಗೆ ಅನ್ನಿಸಿದ್ದು ಹೋದ ವರ್ಷ ಮಳೆ ಮುಗಿಯುವ ಹೊತ್ತಿನಲ್ಲಿ. ಕಬ್ಬಿಣದ ಕಂಬ, ಅವಳ ಮಾವ ನಿಲ್ಲಿಸಿದ್ದು. ಅವಳು ಈ ಮನೆಗೆ ಬಂದಾಗಿನಿಂದ ಸೆಟೆದು ನಿಂತದ್ದು ಒಂದು ಬೆಳಿಗ್ಗೆ ನೀರಿನಲ್ಲಿ ಅದ್ದಿದ ಕೋಲಿನ ಹಾಗೆ ನಡು ಬಗ್ಗಿಸಿಕೊಂಡಿತ್ತು. ಹತ್ತಿರ ಹೋಗಿ ಕೈಯಾಡಿಸಿ ನೋಡಿದಳು. ನೆಟ್ಟಗೇ ಇತ್ತು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದಳು. ಅದು ಹುಟ್ಟಿನಿಂದಲೂ ಸೋಮಾರಿ ಕಣ್ಣು, ದೂರದ್ದೆಲ್ಲ ಅದಕ್ಕೆ ಮಸುಕು. ಆದರೂ ಆ ಮಸುಕಿನಲ್ಲಿಯೂ ಕಂಬ ನೆಟ್ಟಗಿತ್ತು. ಬಲಗಣ್ಣು ತೆರೆದರೆ ಮತ್ತೆ ಬಾಗಿತು.

ಅವಳು ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ಯಾರಿಗೂ ಹೇಳಲಿಲ್ಲ. ಬಲಗಣ್ಣಿನ ಬದಲು ಮೊಣಕಾಲಿಗೋ ಕಿವಿಗೋ ಏನಾದರೂ ಆಗಿದ್ದರೆ ಆ ದಿನವೇ ಗಂಡ ಬಾರೆಂಡ್‌ಗೆ ಹೇಳಿ ಕಾರು ತೆಗೆಸುತ್ತಿದ್ದಳು. ಬಲಗಣ್ಣು ಅವಳ ದುರ್ಬೀನಿನ ಕಣ್ಣು.

ಒಂಬೈನೂರು ಮೀಟರು ದೂರದ ಹಲಗೆಗೆ ಹೊಡೆಯುವವರಿಗೆ ಗುರಿ ಇಡುವುದು ದೊಡ್ಡ ಕಷ್ಟವಲ್ಲ. ಕಷ್ಟವೆಲ್ಲ ಗಾಳಿಯದು. ಗುಂಡು ಹೋಗಿ ಮುಟ್ಟುವ ಒಂದೂವರೆ ಸೆಕೆಂಡಿನಲ್ಲಿ ಗಾಳಿ ಅದನ್ನು ಒಂದು ಮೊಳವೋ ಎರಡು ಮೊಳವೋ ಪಕ್ಕಕ್ಕೆ ತಳ್ಳಿಬಿಡುತ್ತದೆ. ಮೈದಾನದಲ್ಲಿ ನೆಟ್ಟ ಬಾವುಟ ಆಗಿಹೋದ ಗಾಳಿಯನ್ನು ಹೇಳುತ್ತದೆ. ಆಗುತ್ತಿರುವ ಗಾಳಿ ಕಾಣುವುದು ಕಾದ ನೆಲದಿಂದೇಳುವ ಬಿಸಿಲ್ಗುದುರೆಯಲ್ಲಿ. ದುರ್ಬೀನನ್ನು ಹಲಗೆಗಿಂತ ಸ್ವಲ್ಪ ಈಚೆಗೆ ಹದ ಮಾಡಿಕೊಂಡರೆ ಹುಲ್ಲಿನ ತುದಿಗಳ ಮೇಲೆ ನೀರಿನಂಥದು ಹರಿಯುವುದು ಕಾಣುತ್ತದೆ. ಅದು ಹರಿಯುವ ದಿಕ್ಕೇ ಗಾಳಿಯ ದಿಕ್ಕು. ಅಲೆ ಉದ್ದಕ್ಕೆ ಮಲಗಿದ್ದರೆ ಗಾಳಿ ಜೋರು, ತಲೆಯೆತ್ತಿ ನಡೆದರೆ ಮೆಲ್ಲಗೆ. ನೆಟ್ಟಗೆ ಮೇಲಕ್ಕೆ ಕುದಿಯತೊಡಗಿದರೆ ಗಾಳಿ ಮಗ್ಗುಲು ಬದಲಿಸುತ್ತಿದೆ ಎಂದು ಅರ್ಥ. ಕುದಿಯುವಾಗ ಹೊಡೆಯಬಾರದು. ಇದನ್ನು ಎಲ್ಲರಿಗೂ ಕಲಿಸಬಹುದು, ಆದರೆ ಎಲ್ಲರಿಗೂ ಕಾಣುವುದಿಲ್ಲ. ಅಲೀಡಾಳಿಗೆ ಕಂಡಿತ್ತು.

ಆಗ ಅವಳಿಗೆ ಇಪ್ಪತ್ತೈದು. ಮದುವೆಯಾಗಿ ಒಂದು ವರ್ಷ. ಶನಿವಾರದ ಗುರಿಮೈದಾನದಲ್ಲಿ ಹೆಂಗಸರ ಜಾಗ ಹಿಂದಿನ ತಗಡಿನ ಶೆಡ್ಡು. ಅಲ್ಲಿ ಅವರು ಕಾಫಿ ಕಾಸುತ್ತ, ಮಾಂಸದ ಸ್ಯಾಂಡ್‌ವಿಚ್ ಕಟ್ಟುತ್ತ ಇರುತ್ತಿದ್ದರು. ಒಂದು ಶನಿವಾರ ಬಾರೆಂಡ್‌ನ ತಮ್ಮನಿಗೆ ಗದ್ದಕಟ್ಟು ಬಂದು, ಗಾಳಿ ಓದಲು ಯಾರೂ ಇರಲಿಲ್ಲ. ಸುಮ್ಮನೆ ಕೂತು ನೋಡು, ಏನಾದರೂ ಅಲುಗಾಡಿದರೆ ಹೇಳು ಎಂದು ಮಾವ ಅವಳನ್ನು ಮೋಟು ಸ್ಟೂಲಿನ ಮೇಲೆ ಕೂರಿಸಿದರು. ಅರ್ಧ ಗಂಟೆಯ ಮೇಲೆ ಆ ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡು, "ಈ ಹುಡುಗಿಗೆ ಗಾಳಿ ಕಾಣುತ್ತಲ್ಲೋ" ಅಂದಿದ್ದರು. ಇವಳಿಗೆ ಏನೋ ಒಂದು ಬರುತ್ತದೆ ಎಂದು ಯಾರಾದರೂ ಅವಳ ಬಗ್ಗೆ ಹೇಳಿದ್ದು ಅದೇ ಮೊದಲು. ತಮ್ಮ ಹುಷಾರಾದ ಮೇಲೂ ಸ್ಟೂಲು ಅವಳದೇ ಆಯಿತು.

ಬಾರೆಂಡ್ ಕೆಟ್ಟವನಲ್ಲ. ಕುಡಿತವಿಲ್ಲ, ಕೈ ಎತ್ತಿದವನಲ್ಲ, ಊಟಕ್ಕೆ ಮುಂಚೆ ಪ್ರಾರ್ಥನೆ ತಪ್ಪಿಸಿದವನಲ್ಲ. ಆದರೆ ಕುರಿ ಯಾವಾಗ ಮಾರಬೇಕು, ಹೊಳೆಯ ಕಡೆಯ ಹುಲ್ಲುಗಾವಲು ಯಾರಿಗೆ ಕೊಡಬೇಕು, ಮಗಳನ್ನು ಯಾವ ಶಾಲೆಯ ಹಾಸ್ಟೆಲಿಗೆ ಹಾಕಬೇಕು, ಇದು ಯಾವುದನ್ನೂ ಅವನು ಅವಳನ್ನು ಕೇಳಿದ್ದಿಲ್ಲ. ಕೇಳಬಾರದೆಂದಲ್ಲ, ಕೇಳಬಹುದೆಂದೇ ಅವನಿಗೆ ಹೊಳೆದಿರಲಿಲ್ಲ. ಶನಿವಾರ ಮಾತ್ರ ಬೇರೆ. ಆ ದಿನ ಅಷ್ಟೆತ್ತರದ ಮನುಷ್ಯ ಚಾಪೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ರೈಫಲ್ಲಿಗೆ ಕೆನ್ನೆ ಒತ್ತಿ, ಅವಳ ಬಾಯಿಂದ ಒಂದು ಮಾತು ಬರಲೆಂದು ಕಾಯುತ್ತಿದ್ದ. ಓದುವವರು ಗುರಿ ನೋಡುವ ಸೈಟನ್ನು ಯಾವ ಕಡೆ ಎಷ್ಟು ತಿರುಗಿಸಬೇಕೆಂಬ ಅಂಕೆಯನ್ನೋ, ನಿಲ್ಲು ಎಂದೋ ಮಾತ್ರ ಹೇಳಬೇಕು, ಹೊಡೆಯುವವರು ಉತ್ತರ ಕೊಡಬಾರದು ಎನ್ನುವುದು ಅಲ್ಲಿನ ಪದ್ಧತಿ. "ಎಡ ಎರಡು" ಎನ್ನುತ್ತಿದ್ದಳು. ಅವನ ಬಲಗೈ ಮೆಲ್ಲಗೆ ಮೇಲಕ್ಕೆ ಹೋಗಿ ಸೈಟಿನ ತಿರುಪನ್ನು ತಿರುಗಿಸುತ್ತಿತ್ತು. ತಿರುಪು ಆ ಕಡೆಗಿದ್ದದ್ದರಿಂದ ಅವಳಿಗೆ ಕಾಣುತ್ತಿದ್ದದ್ದು ಕೈ ಏಳುವುದು, ಇಳಿಯುವುದು ಮಾತ್ರ. ಆ ಕೈ ಏಳುವುದನ್ನು ನೋಡುವುದಕ್ಕಾಗಿ ಅವಳು ವಾರದ ಉಳಿದ ಆರು ದಿನ ಬದುಕುತ್ತಿದ್ದಳು ಎಂದರೆ ಹೆಚ್ಚಾಗಲಾರದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೆ ನಗುತ್ತಿದ್ದರು.

ಒಮ್ಮೆ ದೊಡ್ಡದಾಗಿ ತಪ್ಪಿದ್ದಳು. ಹನ್ನೆರಡು ವರ್ಷದ ಹಿಂದೆ, ಕಿಂಬರ್ಲಿಯಲ್ಲಿ. ಪ್ರಾಂತ್ಯದ ತಂಡಕ್ಕೆ ಆಯ್ಕೆ ನಡೆದಿತ್ತು, ಬಾರೆಂಡ್‌ಗೆ ಒಂದೇ ಗುಂಡು ಉಳಿದಿತ್ತು. ಬಿಸಿಲ್ಗುದುರೆ ಕುದಿಯುತ್ತಿದೆ, ನಿಲ್ಲು ಎನ್ನಬೇಕಿತ್ತು. ಹರಿಯುತ್ತಿದೆ ಎಂದುಕೊಂಡು "ಬಲ ಒಂದು" ಅಂದಳು. ಗುಂಡು ಹೊರಗಿನ ವೃತ್ತಕ್ಕೆ ಬಿತ್ತು, ತಂಡದ ಹಸಿರು ಕೋಟು ಬೇರೆಯವನ ಮೈಗೆ ಹೋಯಿತು. ಆ ಸಂಜೆ ಅವಳು ಕಾರಿನಲ್ಲಿ ಅತ್ತಿದ್ದಳು. ಬಾರೆಂಡ್ ಒಂದು ಕೆಟ್ಟ ಮಾತಾಡಲಿಲ್ಲ. "ಗಾಳಿ ತಾನೆ ಮಾ, ಅದು ಯಾರಪ್ಪನ ಮಾತು ಕೇಳುತ್ತೆ" ಅಂದ. ಮಗಳು ಹುಟ್ಟಿದಂದಿನಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ಮಾ, ಪಾ ಎಂದೇ ಕರೆಯುತ್ತಿದ್ದರು. ಮುಂದಿನ ಶನಿವಾರ ಎಂದಿನಂತೆ ಸ್ಟೂಲು ತಂದು ಅವಳಿಗೆ ಹಾಕಿದ. ಅದಾದ ಮೇಲೆ ಅವನು ಇನ್ನೂ ಚೆನ್ನಾಗಿ ಹೊಡೆಯತೊಡಗಿದ. ತನ್ನ ತಪ್ಪನ್ನು ಒಬ್ಬ ಮನುಷ್ಯ ಹೀಗೆ ನುಂಗಿಕೊಂಡನಲ್ಲ ಎಂಬ ಒಂದೇ ಸಂಗತಿಯ ಮೇಲೆ ಅವಳು ಉಳಿದ ಎಷ್ಟನ್ನೋ ಮನ್ನಿಸಿದ್ದಳು.

ಕಂಬ ಬಾಗಿದ ಮೇಲಿನ ಶನಿವಾರ ಅವಳು ಹೆದರಿಕೊಂಡೇ ದುರ್ಬೀನಿಗೆ ಕಣ್ಣಿಟ್ಟಳು. ಅಲೆಗಳು ಕಂಡವು. ಅಂಕೆ ಹೇಳಿದಳು. ಬಾರೆಂಡ್ ಹೊಡೆದ. ಗುಂಡು ಬಿದ್ದ ಕಡೆ ಗುರುತು ಹಾಕಲು ಹಳ್ಳದೊಳಕ್ಕೆ ಇಳಿಸಿದ ಹಲಗೆ ಮತ್ತೆ ಮೇಲೆ ಬಂದಾಗ ಗುರುತಿನ ಬಿಲ್ಲೆ ನಟ್ಟನಡುವೆ ಇತ್ತು. ಎರಡನೆಯದೂ ನಡುವೆ. ಹತ್ತರಲ್ಲಿ ಒಂಬತ್ತು ನಡುವೆ. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಕಣ್ಣು ಕೆಟ್ಟಿದ್ದರೆ ಗುಂಡು ಅಲ್ಲಿಗೆ ಹೇಗೆ ಹೋಗಿ ಬೀಳುತ್ತಿತ್ತು? ಆಯಾಸವಿರಬೇಕು, ವಯಸ್ಸಿರಬೇಕು. ಕೆಲಸಕ್ಕೆ ಬೇಕಾದ ಕಡೆ ಕಣ್ಣು ಸರಿಯಾಗಿಯೇ ಇದೆ.

ಆಮೇಲೆ ಅದೇ ಅವಳ ಪರೀಕ್ಷೆಯಾಯಿತು. ವಾರವಿಡೀ ಕಿಟಕಿಯ ಚೌಕಟ್ಟು ಬಳುಕುತ್ತಿತ್ತು, ಚರ್ಚಿನಲ್ಲಿ ಹಾಡಿನ ಪುಸ್ತಕದ ಸಾಲುಗಳು ಒಂದರ ಮೇಲೊಂದು ಹತ್ತುತ್ತಿದ್ದವು, ಎದುರು ನಿಂತವರ ಮೂಗು ಕರಗಿ ಕೆನ್ನೆಗೆ ಸೇರುತ್ತಿತ್ತು. ಬುಧವಾರದ ಹೊತ್ತಿಗೆ ನಾಳೆಯೇ ಬ್ಲೂಮ್‌ಫಾಂಟೇನ್‌ನ ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸಬೇಕು ಎಂದು ನಿರ್ಧರಿಸುತ್ತಿದ್ದಳು. ಡಾಕ್ಟರು ದುರ್ಬೀನು ಬೇಡ ಅಂದುಬಿಟ್ಟರೆ ಎಂದು ಗುರುವಾರ ಹಿಂಜರಿಯುತ್ತಿದ್ದಳು. ಶನಿವಾರ ಬಂದರೆ ಗುಂಡುಗಳು ನಡುವಿಗೇ ಬೀಳುತ್ತಿದ್ದವು. ಭಾನುವಾರ ದೇವರಿಗೆ ಕೃತಜ್ಞತೆ ಹೇಳಿ ಇನ್ನೊಂದು ವಾರ ಮುಂದೂಡುತ್ತಿದ್ದಳು. ಹೀಗೆ ಹದಿನಾಲ್ಕು ತಿಂಗಳು ಹೋದವು.

ಏಪ್ರಿಲಿನಲ್ಲಿ ಸುತ್ತಿನ ಒಂಬತ್ತು ಕ್ಲಬ್ಬುಗಳು ಸೇರುವ ಕೂಟ. ಕೊನೆಯ ದಿನ ಜೋಡಿ ಪಂದ್ಯ: ಒಬ್ಬರು ಹೊಡೆಯುವುದು, ಒಬ್ಬರು ಓದುವುದು, ಒಂಬೈನೂರು ಮೀಟರಿನಿಂದ ಹದಿನೈದು ಗುಂಡು. ಗೆದ್ದ ಜೋಡಿಯಲ್ಲಿ ಹೊಡೆದವನನ್ನು ಮರದ ಕುರ್ಚಿಯಲ್ಲಿ ಕೂರಿಸಿ ಹೆಗಲ ಮೇಲೆ ಹೊರುತ್ತಾರೆ. ಓದಿದವರು ಅವನ ರೈಫಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಯ ಮುಂದೆ ನಡೆಯಬೇಕು. ಬಾರೆಂಡ್ ಆ ಕುರ್ಚಿಯಲ್ಲಿ ಎಂದೂ ಕೂತಿರಲಿಲ್ಲ. ಅರವತ್ತೆರಡರ ಮೇಲೆ ಇನ್ನೆಷ್ಟು ಏಪ್ರಿಲ್ ಎಂದು ಆ ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳುತ್ತ ತನಗೆ ತಾನೇ ಎಂಬಂತೆ ಹೇಳಿಕೊಂಡಿದ್ದ.

ಮಧ್ಯಾಹ್ನ ಅವರ ಸರದಿ ಬರುವಷ್ಟರಲ್ಲಿ ದಕ್ಷಿಣದಿಂದ ಮೋಡ ಕವಿಯಿತು. ಬಿಸಿಲು ಬಟ್ಟೆ ಹೊದಿಸಿದ ಹಾಗೆ ಆರಿಹೋಯಿತು. ಅಲೀಡಾ ಸ್ಟೂಲಿನ ಮೇಲೆ ಕೂತು ದುರ್ಬೀನಿನ ಕಾಲು ಸರಿಮಾಡಿ ಕಣ್ಣಿಟ್ಟಳು. ಬಿಸಿಲ್ಗುದುರೆ ಹರಿಯುತ್ತಿತ್ತು, ಎಡದಿಂದ, ಸಣ್ಣ ಸಣ್ಣ ಅಲೆಗಳಾಗಿ.

ಪಕ್ಕದ ಚಾಪೆಯ ಹಿಂದೆ ಕೂತಿದ್ದ ಫ್ರಿಕ್ಕಿ ತನ್ನ ದುರ್ಬೀನಿನ ಗಾಜನ್ನು ಅಂಗಿಯ ತುದಿಯಿಂದ ಎರಡು ಸಲ ಒರೆಸಿದ. ಪಕ್ಕದ ಊರಿನ ಕ್ಲಬ್ಬಿನವನು, ಮೂವತ್ತರ ಆಸುಪಾಸು, ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಗಾಳಿ ಓದುವುದನ್ನು ಅವನು ಅರ್ಧ ಕಲಿತದ್ದು ಅವಳನ್ನು ನೋಡಿಯೇ. ಹಿರಿಯ ಹೆಂಗಸರನ್ನು ಚಿಕ್ಕಮ್ಮನೆಂಬಂತೆ ಟಾನಿ ಎಂದೂ ಗಂಡಸರನ್ನು ಚಿಕ್ಕಪ್ಪನೆಂಬಂತೆ ಊಮ್ ಎಂದೂ ಕರೆಯುವುದು ಅಲ್ಲಿನ ವಾಡಿಕೆ.

"ಟಾನಿ ಅಲೀಡಾ, ನಿಮಗೇನಾದ್ರೂ ಕಾಣ್ತಿದೆಯಾ? ನನ್ನ ಗಾಜಲ್ಲಂತೂ ಹಲಗೆ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿದೆ."

"ಹರೀತಿದೆಯಲ್ಲೋ. ತೆಳ್ಳಗಿದೆ ಅಷ್ಟೆ."

"ಸಾಯೋಕ್ಮುಂಚೆ ಆ ಕಣ್ಣನ್ನ ನನ್ನ ಹೆಸರಿಗೆ ಬರೆದು ಹೋಗಿ ಟಾನಿ. ನಾವಿವತ್ತು ಬಾವುಟ ನೋಡ್ಕೊಂಡು ದೇವರ ಮೇಲೆ ಭಾರ ಹಾಕೋದೇ."

ಅವಳು ನಕ್ಕಳು. ನಗು ಮುಗಿಯುವ ಮುಂಚೆಯೇ ಅನುಮಾನವಾಗಿ ಅತ್ತಿತ್ತ ನೋಡಿದಳು. ಅತ್ತ ಕಡೆಯ ಚಾಪೆಯ ಮುದುಕ ಓದುಗನೂ ದುರ್ಬೀನು ಬಿಟ್ಟು ಬರಿಗಣ್ಣಿನಿಂದ ಬಾವುಟ ನೋಡುತ್ತಿದ್ದ. ಬಾವುಟಗಳು ಏನು ಹೇಳುತ್ತಿವೆ ಎಂದು ಅವಳೂ ನೋಡಲು ಹೋದಳು. ಬಲಗಣ್ಣಿಗೆ ಬಾವುಟವಿರಬೇಕಾದ ಜಾಗದಲ್ಲಿ ಬೂದಿಬಣ್ಣದ ಒಂದು ಚುಕ್ಕೆ ಇತ್ತು, ಎಡಗಣ್ಣಿಗೆ ಎಲ್ಲ ಒಂದೇ ಮಸುಕು. ಅವಳು ದುರ್ಬೀನಿಗೇ ಮರಳಿದಳು. ಅಲ್ಲಿ ಅಲೆಗಳು ನಿಷ್ಠೆಯಿಂದ ಹರಿಯುತ್ತಿದ್ದವು.

"ಎಡ ಒಂದು" ಅಂದಳು.

ಬಾರೆಂಡ್‌ನ ಕೈ ಎದ್ದಿತು, ಇಳಿಯಿತು. ಹೊಡೆದ. ಹಲಗೆ ಇಳಿದು ಮೇಲೆ ಬಂದಾಗ ಹಿಂದೆ ನಿಂತ ಜನ ಮೆಲ್ಲಗೆ ಹೂಂಗುಟ್ಟಿದರು. ನಡುವಿನ ಸಣ್ಣ ವೃತ್ತ.

ಅವಳ ಅನುಮಾನ ಬಿಟ್ಟುಹೋಯಿತು. ಎಲ್ಲರ ಗಾಜೂ ಸತ್ತ ದಿನ ತನ್ನ ಕಣ್ಣೊಂದೇ ನೋಡುತ್ತಿದೆ. ಎಡ ಒಂದು. ಎಡ ಒಂದೂವರೆ. ಎಡ ಅರ್ಧ. ಹೇಳಿದ್ದಕ್ಕೆಲ್ಲ ಕೈ ಏಳುತ್ತಿತ್ತು, ಹೊಡೆದದ್ದೆಲ್ಲ ನಡುವಿಗೆ ಹೋಗುತ್ತಿತ್ತು. ಅತ್ತಿತ್ತಲ ಚಾಪೆಗಳಲ್ಲಿ ಗುಂಡುಗಳು ದಾರಿತಪ್ಪಿದ ಕುರಿಗಳ ಹಾಗೆ ಎಲ್ಲೆಲ್ಲೋ ಹೋಗಿ ಬೀಳುತ್ತಿದ್ದವು. ಫ್ರಿಕ್ಕಿ ಹಲ್ಲಿನ ಸಂದಿಯಲ್ಲಿ ಬೈದುಕೊಂಡು, ತಾನು ಹೇಳಿದ ಅಂಕೆಯನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಹದಿಮೂರು ಆಯಿತು, ಹದಿನಾಲ್ಕು ಆಯಿತು. ಹಿಂದೆ ಜನ ಸೇರಿದರು. ಯಾರೋ ಕೆಮ್ಮಿದ್ದಕ್ಕೆ ಇನ್ಯಾರೋ ಗದರಿಸಿದರು. ಅಲೆಗಳು ಹಾಗೆಯೇ ಇದ್ದವು, ಒಂದೇ ದಿಕ್ಕು, ಒಂದೇ ವೇಗ. ಇಷ್ಟು ಹೊತ್ತು ಗಾಳಿ ಇಷ್ಟೊಂದು ಬದಲಾಗದೆ ಇರುವುದುಂಟೇ ಎಂಬ ಪ್ರಶ್ನೆ ಒಂದು ಗಳಿಗೆ ಬಂತು. ಅವಳು ಅದನ್ನು ಒಳಕ್ಕೆ ಬಿಡಲಿಲ್ಲ.

"ಎಡ ಒಂದು."

ಹದಿನೈದನೆಯದೂ ನಡುವಿಗೆ ಬಿತ್ತು.

ಹೊಡೆದು ಮುಗಿದ ಮೇಲೆ ಏಳುವ ಮುಂಚೆ ಸೈಟನ್ನು ಸೊನ್ನೆಗೆ ತಿರುಗಿಸಿಡುವುದು ಬಾರೆಂಡ್‌ನ ಅಭ್ಯಾಸ. ಎಷ್ಟು ಆತುರವಿದ್ದರೂ ಬಿಡುತ್ತಿರಲಿಲ್ಲ. ಅಪ್ಪ ಕಲಿಸಿದ ಒಪ್ಪ ಎನ್ನುತ್ತಿದ್ದ. ಆ ದಿನ ಮೈದಾನದ ಅಧಿಕಾರಿ ರೈಫಲ್ ಖಾಲಿಯಾಗಿದೆಯೆಂದು ನೋಡಿ ತಲೆಯಾಡಿಸಿದ್ದೇ ತಡ, ಕ್ಲಬ್ಬಿನ ನಾಲ್ಕು ಜನ ಬಂದು ಅವನನ್ನು ಚಾಪೆಯಿಂದಲೇ ಎಬ್ಬಿಸಿ ಕುರ್ಚಿಯ ಕಡೆ ಎಳೆದರು. ಒಂದು ನಿಮಿಷ, ಒಂದೇ ನಿಮಿಷ ಎಂದು ಅವನು ರೈಫಲ್ಲಿನ ಕಡೆ ಕೈ ಚಾಚಿದ. ಯಾರು ಕೇಳುತ್ತಾರೆ? ಊಮ್ ಬಾರೆಂಡ್, ಇನ್ನು ಅದು ಟಾನಿಯ ಕೆಲಸ ಎಂದು ನಗುತ್ತ ಎತ್ತಿಯೇಬಿಟ್ಟರು.

ಅಲೀಡಾ ಬಗ್ಗಿ ರೈಫಲ್ಲನ್ನು ತೆಗೆದುಕೊಂಡಳು. ನಳಿಕೆ ಇನ್ನೂ ಬಿಸಿಯಿತ್ತು. ಮುಂದೆ ನಡೆಯುವವರು ಸೈಟು ಸೊನ್ನೆಗಿಡದೆ ಹೋದರೆ ಚೆನ್ನಲ್ಲ ಎಂದುಕೊಂಡು ತಿರುಪನ್ನು ಮುಖದ ಹತ್ತಿರ ತಂದು, ಎಡಗಣ್ಣಿಗೆ ಕನ್ನಡಕ ಒತ್ತಿ, ಅಂಕೆ ಹುಡುಕಿದಳು. ಎಡ ಒಂದರಿಂದ ಸೊನ್ನೆಗೆ ತರಲು ನಾಲ್ಕು ಸಲ ಟಿಕ್ಕೆನ್ನಿಸಿದರೆ ಸಾಕು.

ಸೈಟು ಬಲ ಎರಡೂವರೆಯಲ್ಲಿತ್ತು.

ಅವಳು ಕನ್ನಡಕ ಒರೆಸಿ ಮತ್ತೆ ನೋಡಿದಳು. ಹೆಬ್ಬೆರಳಿನಿಂದ ಗೀಟುಗಳನ್ನು ತಡವಿ ಎಣಿಸಿದಳು. ಬಲ ಎರಡೂವರೆ. ಅವಳ ಮಾತು ನಂಬಿ ಹೊಡೆದಿದ್ದರೆ ಗುಂಡು ಹಲಗೆಯ ಅಂಚಿಗೆ ಹೋಗಿ ಬೀಳುತ್ತಿತ್ತು.

ಹಿಂದೆ ಕುರ್ಚಿ ಮೇಲೆದ್ದಿತು, ಹಾಡು ಶುರುವಾಯಿತು. ಅವಳು ಮುಂದೆ ನಡೆಯಬೇಕಿತ್ತು, ನಡೆದಳು. ತಿರುಪನ್ನು ಮುಟ್ಟಲಿಲ್ಲ. ಇನ್ನೂರು ಹೆಜ್ಜೆ ದೂರದ ತಗಡಿನ ಶೆಡ್ಡಿನವರೆಗೆ ಎರಡೂ ಬದಿಗೆ ನಿಂತು ಜನ ಚಪ್ಪಾಳೆ ತಟ್ಟಿದರು. ಅದರಲ್ಲಿ ಎಷ್ಟೋ ಜನ ಅವಳ ಹೆಸರನ್ನೇ ಕೂಗಿದರು. ಫ್ರಿಕ್ಕಿ ಟೋಪಿ ತೆಗೆದು ತಲೆ ಬಗ್ಗಿಸಿದ. ಒಮ್ಮೆ ತಿರುಗಿ ನೋಡಿದಾಗ ಹೆಗಲುಗಳ ಮೇಲೆ ತೂಗುತ್ತಿದ್ದ ಬಾರೆಂಡ್‌ನ ತಲೆ ಅವಳ ಕೈಯಲ್ಲಿದ್ದ ರೈಫಲ್ಲಿನ ಕಡೆಗೇ ಬಗ್ಗಿತ್ತು. ಅಷ್ಟು ಎತ್ತರದಲ್ಲಿದ್ದ ಅವನ ಮುಖ ಅವಳಿಗೆ ಸರಿಯಾಗಿ ಕಾಣಲಿಲ್ಲ.

ಶೆಡ್ಡಿನಲ್ಲಿ ಕಾಫಿ, ಪಾಕದಲ್ಲಿ ಅದ್ದಿದ ಹೆಣಿಗೆಯ ಸಿಹಿತಿಂಡಿ ಕೂಕ್‌ಸಿಸ್ಟರ್. ಅಭ್ಯಾಸಬಲದಿಂದ ಅಲೀಡಾ ಲೋಟ ತೊಳೆಯಲು ಕೈಹಾಕಿದಳು. ಅಡುಗೆಕಟ್ಟೆಯ ಯಜಮಾನಿ ಸುಸಾರಾ ಲೋಟ ಕಿತ್ತುಕೊಂಡು, "ನೀನು ಬಿಡಮ್ಮ, ಗಾಳಿ ಎಣಿಸೋ ಮಹಾರಾಣಿ. ನಮ್ಮಂಥೋರು ಮೂವತ್ತು ವರ್ಷದಿಂದ ಈರುಳ್ಳಿ ಹೆಚ್ಚಿದ್ದಕ್ಕೆ ಯಾರೂ ಕುರ್ಚಿ ಹೊರಲಿಲ್ಲ" ಅಂದಳು. ಮಾತು ಕುಟುಕಿನದೇ, ಆದರೆ ಹೇಳುವಾಗ ಅವಳ ಕೈ ಅಲೀಡಾಳ ಬೆನ್ನ ಮೇಲಿತ್ತು. ಆ ಕೈ ಅಲ್ಲಿರುವಷ್ಟು ಹೊತ್ತು, ನಾನೂ ಬರೀ ಈರುಳ್ಳಿ ಹೆಚ್ಚಿದ್ದೇ ಸುಸಾರಾ ಎಂದು ಹೇಳಿಬಿಡೋಣವೇ ಅನ್ನಿಸಿತು. ಇನ್ನೊಂದು ಲೋಟ ಎತ್ತಿಕೊಂಡಳು.

ಊರಿಗೆ ನಲವತ್ತು ಮೈಲಿಯ ಮಣ್ಣುರಸ್ತೆ. ಬಾರೆಂಡ್ ಪಿಕಪ್ ಓಡಿಸುತ್ತ ಯಾರಿಗೆ ಎಷ್ಟು ಅಂಕ ಬಂತು, ಯಾರ ಗುಂಡು ಎಲ್ಲಿ ಬಿತ್ತು ಎಂದು ಬೇಕಾದ್ದಕ್ಕಿಂತ ಹೆಚ್ಚು ಮಾತಾಡುತ್ತಿದ್ದ. ಮೊದಲ ಗೇಟು ದಾಟಿದ ಮೇಲೆ ಅಲೀಡಾ ಕೇಳಿದಳು.

"ಕೊನೇ ಗುಂಡಿಗೆ ನಾನು ಎಷ್ಟು ಹೇಳಿದೆ, ಪಾ?"

ಚಕ್ರದಡಿಯಲ್ಲಿ ಕಲ್ಲು ಸಿಡಿಯುವ ಸದ್ದು.

"ಎಡ ಒಂದು" ಅಂದ.

ಕೇಳಿಸಿಕೊಂಡಿದ್ದ. ನೆನಪಿನಲ್ಲಿಯೂ ಇಟ್ಟುಕೊಂಡಿದ್ದ. ಕೇಳಿಸಲೇ ಇಲ್ಲವೆಂದು ಹೇಳಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲವೇನೋ.

"ಸೈಟಲ್ಲಿ ಬಲ ಎರಡೂವರೆ ಇದೆ."

"ಇವತ್ತು ಮೋಡ ನೋಡು..." ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದ. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ ಅವನಿಗೆ. ಹೇಳದೆ ಇರುವುದಷ್ಟೇ ಗೊತ್ತಿತ್ತು.

"ಯಾವಾಗಿಂದ?"

ಈ ವರ್ಷದಿಂದ ಅನ್ನಲಿ ಎಂದು ಅವಳು ಕಾದಳು. ಇಲ್ಲ, ಹೋದ ವರ್ಷದಿಂದ ಅನ್ನಲಿ. ಹಾಗಂದರೆ ತಪ್ಪು ಕಣ್ಣಿನದಾಗುತ್ತದೆ. ಕಣ್ಣು ಕೆಡುವವರೆಗಿನ ವರ್ಷಗಳಾದರೂ ತನ್ನದಾಗಿ ಉಳಿಯುತ್ತವೆ.

"ಕಿಂಬರ್ಲಿ ಆದ್ಮೇಲೆ" ಅಂದ ಬಾರೆಂಡ್.

ಎರಡನೆಯ ಗೇಟು ಬಂತು. ಎಂದಿನಂತೆ ಅವಳೇ ಇಳಿದು ತೆಗೆದಳು, ಪಿಕಪ್ ದಾಟಿದ ಮೇಲೆ ಮುಚ್ಚಿ ಬಂದು ಕೂತಳು.

"ಬಾವುಟ ನೋಡ್ತಿದ್ದೆ, ಹುಲ್ಲು ನೋಡ್ತಿದ್ದೆ. ಹಿಂದಿನ ಗುಂಡು ಎಲ್ಲಿ ಬಿತ್ತು ಅಂತ ನೋಡ್ಕೊಂಡು ಹಾಕ್ತಿದ್ದೆ. ಎಷ್ಟೋ ಸಲ ನೀನು ಹೇಳಿದ್ದೂ ನಾನು ಹಾಕಿದ್ದೂ ಒಂದೇ ಇರ್ತಿತ್ತು ಮಾ, ನಾನು ಸುಳ್ಳು ಹೇಳಲ್ಲ. ಈಚೆಗೇ ಸ್ವಲ್ಪ ಆಚೀಚೆ ಜಾಸ್ತಿ ಆಗ್ತಿತ್ತು. ಇಬ್ಬರಿಗೂ ವಯಸ್ಸಾಯ್ತಲ್ಲ ಅಂದ್ಕೊಂಡೆ."

"ಮತ್ತೆ ನನ್ನ ಯಾಕೆ ಕೂರಿಸ್ಕೊಂಡೆ?"

"ನೀನು ಹಿಂದೆ ಕೂತಿದ್ರೆ ನನಗೆ ಎದೆ ಬಡಿತ ಇಳಿಯುತ್ತೆ. ನೀನು ಏನೋ ಒಂದು ಹೇಳ್ತಾ ಇದ್ರೆ ಸಾಕು."

ಅವನು ಅದನ್ನು ಇಷ್ಟು ವರ್ಷ ಬಚ್ಚಿಟ್ಟು ಈಗ ಕೊಟ್ಟ ಉಡುಗೊರೆಯ ಹಾಗೆ ಹೇಳಿದ. ಬಹುಶಃ ಅವನ ಮಟ್ಟಿಗೆ ಅದು ಹಾಗೆಯೇ ಇತ್ತು. ಏನೋ ಒಂದು. ಕೊಟ್ಟಿಗೆಯ ಹತ್ತಿರ ಕೋಳಿ ಕೊಕ್ಕೊಕ್ ಎನ್ನುತ್ತಿದ್ದರೆ ಮನೆಯಲ್ಲಿ ಜನವಿದ್ದ ಹಾಗಿರುತ್ತದೆ, ಹಾಗೆ. ಕಣ್ಣಿನ ವಿಷಯ ಅಲೀಡಾಳ ಬಾಯಿಗೆ ಬಂದಿತ್ತು, ಅದನ್ನು ನುಂಗಿಕೊಂಡಳು.

ಭಾನುವಾರ ಚರ್ಚಿನಿಂದ ಬಂದು ಬಾರೆಂಡ್ ಊಟ ಮಾಡಿ ಮಲಗಿದ ಮೇಲೆ ಅವಳು ಕಪಾಟಿನಿಂದ ಗುರಿಪುಸ್ತಕಗಳನ್ನು ಇಳಿಸಿದಳು. ಪ್ರತಿ ಗುಂಡಿಗೂ ಒಂದು ಚುಕ್ಕೆ, ಪಕ್ಕದಲ್ಲಿ ಅವಳು ಹೇಳಿದ ಅಂಕೆ, ಅದರ ಕೆಳಗೆ ಬಿಸಿಲ್ಗುದುರೆ ಹೇಗಿತ್ತೆಂದು ಒಂದೋ ಎರಡೋ ಪದ. ವರ್ಷಕ್ಕೊಂದು ಪುಸ್ತಕ. ಎಲ್ಲ ಅವಳ ಕೈಬರಹ. ಚಳಿಗಾಲದಲ್ಲಿ ಅವಳು ಇವನ್ನು ಓದುತ್ತಿದ್ದಳು, ಪಾಠ ಓದುವ ಹಾಗೆ. ಇಂಥ ಅಲೆಗೆ ಇಷ್ಟು ಹೇಳಿದೆ, ಗುಂಡು ಇಲ್ಲಿ ಬಿತ್ತು, ಆದ್ದರಿಂದ ಇಂಥ ಅಲೆಯೆಂದರೆ ಇಷ್ಟು. ಹೀಗೆಯೇ ಒಂದೊಂದು ಅಲೆಯನ್ನೂ ಕಲಿತಿದ್ದಳು. ಕಿಂಬರ್ಲಿಯಿಂದ ಈಚಿನ ಹನ್ನೆರಡು ಪುಸ್ತಕಗಳನ್ನು ಬೇರೆ ಮಾಡಿ ಮೇಜಿನ ಮೇಲೆ ಜೋಡಿಸಿದಳು. ಇವುಗಳಲ್ಲಿ ಅಂಕೆ ಅವಳದು, ಚುಕ್ಕೆ ಅವನದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಅವಳು ಹನ್ನೆರಡು ವರ್ಷ ಕಲಿತದ್ದು ತಪ್ಪು ಪಾಠ. ಕಣ್ಣು ಚೆನ್ನಾಗಿದ್ದಾಗಲೂ, ಮೊದಮೊದಲು ಇದ್ದ ಆ ಕಾಣುವ ಗುಣವನ್ನು ಇವುಗಳನ್ನು ಓದಿ ಓದಿಯೇ ಕೆಡಿಸಿಕೊಂಡಿರಬೇಕು. ಯಾವುದು ಕಣ್ಣಿನ ತಪ್ಪು, ಯಾವುದು ಪಾಠದ ತಪ್ಪು ಎಂದು ಇನ್ನು ಬಿಡಿಸಿ ನೋಡುವ ದಾರಿಯಿರಲಿಲ್ಲ. ಒಂದು ಪುಟದಲ್ಲಿ, ಆರು ವರ್ಷದ ಹಿಂದಿನ ಯಾವುದೋ ಶನಿವಾರ, ತಾನೇ ಬರೆದುಕೊಂಡಿದ್ದಳು: ಈ ದಿನ ನಾವಿಬ್ಬರೂ ಒಂದೇ ಮೈಯಂತಿದ್ದೆವು.

ಸೋಮವಾರ ಬೆಳಿಗ್ಗೆ ಅವಳೇ ಫೋನು ಮಾಡಿ ಕಣ್ಣಿನ ಆಸ್ಪತ್ರೆಗೆ ಹೆಸರು ಹಚ್ಚಿಸಿದಳು. ಯಾಕೆ, ಕಣ್ಣಿಗೇನಾಯಿತು ಎಂದು ಬಾರೆಂಡ್ ಗಾಬರಿಯಿಂದ ಕೇಳಿದ. ನೋಡಬೇಕು ಅಂದಳು. ಇನ್ನು ಕಾಯುವುದಕ್ಕೆ ಕಾರಣವೇನೂ ಉಳಿದಿರಲಿಲ್ಲ.

ಬ್ಲೂಮ್‌ಫಾಂಟೇನ್‌ನ ಡಾಕ್ಟರು ಸಣ್ಣ ವಯಸ್ಸಿನ ಸೋತೋ ಜನಾಂಗದ ಹೆಣ್ಣುಮಗಳು, ಮೆಲು ದನಿಯವಳು. ಕಣ್ಣಿಗೆ ಔಷಧ ಬಿಟ್ಟು, ಯಂತ್ರದ ಮುಂದೆ ಗದ್ದ ಇಡಿಸಿ ಚಿತ್ರ ತೆಗೆದಳು. ಆಮೇಲೆ ತೆರೆಯ ಮೇಲೆ ಆ ಚಿತ್ರ ತೋರಿಸಿ, ಕಣ್ಣಿನ ಹಿಂಭಾಗದಲ್ಲಿ ನಟ್ಟನಡುವಿನ ಜಾಗ ಇದು, ಇಲ್ಲಿ ಬೇಡದ ಸಣ್ಣ ನಾಳಗಳು ಬೆಳೆದು ಸೋರಿವೆ ಎಂದು ವಿವರಿಸಿದಳು. ಬಾರೆಂಡ್ ಪಕ್ಕದ ಕುರ್ಚಿಯಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿದ್ದ.

"ಗೆರೆಗಳು ಸೊಟ್ಟಗೆ ಕಾಣೋಕೆ ಶುರುವಾಗಿ ಎಷ್ಟು ದಿನ ಆಯ್ತು?"

"ಹದಿನಾಲ್ಕು ತಿಂಗಳು."

ಡಾಕ್ಟರ ಪೆನ್ನು ನಿಂತಿತು. ಮೊದಲ ಕೆಲವು ವಾರದಲ್ಲಿ ಬಂದಿದ್ದರೆ ಸೂಜಿಮದ್ದು ಹಾಕಿ ನಿಲ್ಲಿಸುವ ಸಾಧ್ಯತೆ ತುಂಬ ಇತ್ತು, ಈಗ ಅಲ್ಲಿ ಕಲೆ ಕಟ್ಟಿಬಿಟ್ಟಿದೆ, ಅದನ್ನು ತೆಗೆಯಲು ಬರುವುದಿಲ್ಲ ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಬೈಯುವ ಹಾಗಿರಲಿಲ್ಲ, ನಿಜವಾಗಿಯೂ ತಿಳಿಯಬೇಕಾದವರಂತೆ ಕೇಳಿದಳು.

"ಇಷ್ಟು ದಿನ ಯಾಕೆ ಬರಲಿಲ್ಲ ನೀವು?"

"ಗುಂಡು ಸರಿಯಾಗೇ ಬೀಳ್ತಿತ್ತು" ಅಂದಳು ಅಲೀಡಾ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಮುದುಕಿ ಎಲ್ಲಿಗೋ ಜಾರಿದಳೇನೋ ಎಂದು ಅವಳ ಗಂಡನ ಕಡೆ ತಿರುಗಿ, ಏನು ಹೇಳುತ್ತಿದ್ದಾರೆ ಇವರು ಎಂಬಂತೆ ನೋಡಿದಳು. ಟೋಪಿಯ ಅಂಚಿನ ಮೇಲಿನ ಹೆಬ್ಬೆರಳು ನಿಂತಿತ್ತು. ಆ ಕೋಣೆಯಲ್ಲಿ ಆ ಮಾತು ಅರ್ಥವಾದವನು ಅವನೊಬ್ಬನೇ. ಪೂರ್ತಿ ಅರ್ಥವಾಗಿತ್ತು. ಅದು ಅವನ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಾಗಿ ಏರುವುದು ಅವಳ ಸೋಮಾರಿ ಕಣ್ಣಿಗೂ ಕಂಡಿತು.

"ನಾವು ಗುರಿ ಹೊಡೆಯೋಕೆ ಹೋಗ್ತೀವಿ" ಎಂದು ಅವನು ಶುರುಮಾಡಿದ. "ಇವಳು ನನಗೆ ಗಾಳಿ... ಇವಳು ಹೇಳ್ತಾಳೆ, ನಾನು..."

ಅಲೀಡಾ ಅವನ ಸಹಾಯಕ್ಕೆ ಹೋಗಲಿಲ್ಲ. ಡಾಕ್ಟರು ಕಾಗದದ ಕಡೆ ತಿರುಗಿ ಏನೋ ಬರೆದುಕೊಂಡಳು.

ಬಿಸಿಲಿಲ್ಲದಾಗಲೂ ಕಾಣುವ ಈ ಅಲೆಗಳು ಹೀಗೆಯೇ ಇರುತ್ತವೆಯೇ ಎಂದು ಅಲೀಡಾ ಕೇಳಿದಳು. ಇಲ್ಲ, ನಿಧಾನವಾಗಿ ನಡುವೆ ಕಪ್ಪು ತುಂಬಿಕೊಳ್ಳುತ್ತದೆ, ಅಂಚಿನಲ್ಲಷ್ಟೇ ಬೆಳಕು ಉಳಿಯುತ್ತದೆ, ಅಲೆಗಳೂ ಹೋಗುತ್ತವೆ ಎಂದಳು ಡಾಕ್ಟರು, ಅದೇನೋ ಸಮಾಧಾನದ ಸಂಗತಿಯೆಂಬಂತೆ. ಎಡಗಣ್ಣಿಗೂ ಬರಬಹುದು, ಮನೆಯಲ್ಲಿ ದಿನಾ ಪರೀಕ್ಷಿಸಿಕೊಳ್ಳಿ ಎಂದು ಚೌಕುಳಿಯ ಒಂದು ಹಾಳೆ ಕೊಟ್ಟಳು. ಅಲೀಡಾ ಅದನ್ನು ಮಡಿಚಿ ಕೈಚೀಲಕ್ಕೆ ಹಾಕಿಕೊಂಡಳು.

ದಾರಿಯಲ್ಲಿ ಬಾರೆಂಡ್, "ಹೇಳಿದ್ರೆ ನೀನು ಬರೋದೇ ಬಿಟ್ಟುಬಿಡ್ತೀಯಾ ಅಂತ ಹೆದರಿಕೆ ಇತ್ತು, ಮಾ" ಅಂದ. ನಿಜವೇ ಇರಬೇಕು. ಅವಳೂ ಹೇಳದೆ ಇದ್ದದ್ದು ಅದೇ ಹೆದರಿಕೆಗೆ ತಾನೆ. ಒಂದೇ ಸ್ಟೂಲನ್ನು ಉಳಿಸಿಕೊಳ್ಳಲು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. ಅವನ ಮೇಲೆ ಸಿಟ್ಟು ಬರಲಿ ಎಂದು ಅವಳು ಕಾದಳು. ಬರಲಿಲ್ಲ. ಸಿಟ್ಟು ಬಂದಿದ್ದರೆ ಹಿಡಿದುಕೊಳ್ಳಲು ಅದಾದರೂ ಇರುತ್ತಿತ್ತು.

ಊರಿನ ತಿರುವಿನ ಹತ್ತಿರ ಗಾಳಿ ಎದ್ದು ಪಿಕಪ್ಪನ್ನು ಒಂದು ಮಗ್ಗುಲಿಗೆ ತಳ್ಳತೊಡಗಿತು. ಬಾರೆಂಡ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಹಿಡಿದು, ವೇಗ ಇಳಿಸಿ, ಅವಳ ಕಡೆ ಒಮ್ಮೆ ನೋಡಿದ. ರಸ್ತೆಯ ಎರಡೂ ಬದಿಗೆ ಎದೆಯೆತ್ತರದ ಕೆಂಪು ಹುಲ್ಲು. ಮೂವತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ, ಅದು ಯಾವ ಕಡೆಗೆ ಬಾಗಿದೆಯೆಂದು ಅಲೀಡಾ ನೋಡಲಿಲ್ಲ.